ಸ್ಥಳವಿಲ್ಲ ಎಂದವರು ಯಾರು?



ಕ್ರಿಸ್ತಜಯಂತಿಯ ನಾಟಕಗಳಲ್ಲಿ ನಮ್ಮ ಮಕ್ಕಳು ತಪ್ಪದೆ ಆಡುವ ಒಂದು ಪಾತ್ರವಿದೆ. ಅದು ಛತ್ರದ ಯಜಮಾನನ ಪಾತ್ರ. ತುಂಬು ಬಸುರಿ ಮರಿಯಮ್ಮನವರನ್ನು ಕರೆದುಕೊಂಡು ಸಂತ ಜೋಸೆಫರು ಬಾಗಿಲು ತಟ್ಟುತ್ತಾರೆ. ಮೀಸೆ ಅಂಟಿಸಿಕೊಂಡ ಹುಡುಗನೊಬ್ಬ ಹೊರಗೆ ಬಂದು, ಸ್ಥಳ ಇಲ್ಲ, ಮುಂದೆ ಹೋಗಿ ಎಂದು ಗದರಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ನೋಡುತ್ತಿರುವ ನಮಗೆಲ್ಲ ಆ ಯಜಮಾನನ ಮೇಲೆ ಸಿಟ್ಟು ಬರುತ್ತದೆ.

ಆದರೆ ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಛತ್ರದ ಯಜಮಾನನೇ ಇಲ್ಲ. ಅವನು ಬಾಗಿಲು ಹಾಕಿದ್ದೂ ಇಲ್ಲ, ಗದರಿಸಿದ್ದೂ ಇಲ್ಲ. ಸ್ಥಳವಿರಲಿಲ್ಲ ಎಂಬುದೊಂದೇ ಅಲ್ಲಿರುವ ವಿಷಯ. ಹೇಳಿದವರು ಯಾರು, ಯಾರಿಗೆ ಹೇಳಿದರು, ನಿಜವಾಗಿಯೂ ಜಾಗ ಇರಲಿಲ್ಲವೋ ಅಥವಾ ಇದ್ದೂ ಇಲ್ಲವೆಂದರೋ, ಒಂದೂ ಗೊತ್ತಿಲ್ಲ. ಮಾತು ಇದೆ, ಮಾತಿನ ಹಿಂದೆ ಮುಖವಿಲ್ಲ.

ಬಾಡಿಗೆ ಮನೆಗಾಗಿ ಅಲೆದವರಿಗೆ ಈ ಮುಖವಿಲ್ಲದ ಮಾತು ಚೆನ್ನಾಗಿ ಪರಿಚಯ. ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುತ್ತಿರುತ್ತದೆ. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮನೆಯೊಡತಿ ಒಳಗೆ ಕರೆದು ತೋರಿಸುತ್ತಾರೆ. ನೀರು ಎಷ್ಟು ಹೊತ್ತು ಬರುತ್ತದೆ, ಅಡ್ವಾನ್ಸ್ ಎಷ್ಟು, ಕರೆಂಟಿಗೆ ಬೇರೆ ಮೀಟರ್ ಇದೆಯೇ, ಎಲ್ಲ ಮಾತಾಗುತ್ತದೆ. ಆಮೇಲೆ, "ನಿಮ್ಮ ಹೆಸರೇನಂದ್ರಿ?" ಹೆಸರು ಕೇಳಿದ ಮೇಲೆ, "ಅಂದ್ರೆ, ನೀವು ಯಾವ ಜನ?" ಸ್ವಲ್ಪ ಹೊತ್ತು ಮೌನ. "ನಮ್ಮ ಯಜಮಾನ್ರನ್ನ ಕೇಳಿ ಹೇಳ್ತೀವಿ." ಮರುದಿನ ಹೋದರೆ, "ಅಯ್ಯೋ, ನಿನ್ನೆ ಸಂಜೇನೇ ಬೇರೆಯವರಿಗೆ ಮಾತು ಕೊಟ್ಟುಬಿಟ್ವಿ!" ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ಅಲ್ಲೇ ತೂಗುತ್ತಿರುತ್ತದೆ.

ಈ ಮಾತನ್ನು ನಮ್ಮ ಜನ ಕೇಳಿಸಿಕೊಂಡಿದ್ದಾರೆ. ನಮ್ಮ ಜನ ಹೇಳಿಯೂ ಇದ್ದಾರೆ. ಎರಡೂ ಸತ್ಯ. ಹೀಗೆ ಮನೆ ನಿರಾಕರಿಸುವುದು ಪಾಪವೇ? ಪಾಪವಾದರೂ ಅದನ್ನು ತಡೆಯಲು ಕಾನೂನು ಬೇಕೆ, ಒಳ್ಳೆಯ ಮನಸ್ಸು ಸಾಲದೆ? ಇದನ್ನು ಯೋಚಿಸಲು ಅಮೆರಿಕದ ಒಂದು ಊರಿನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಊರು ದೂರದ್ದು. ಆದರೆ ಅಲ್ಲಿ ಕಲ್ಲು ಬೀರಿದವರಲ್ಲೂ ಕಲ್ಲಿನ ಎದುರು ನಡೆದವರಲ್ಲೂ ಕಥೋಲಿಕರು ಇದ್ದರು. ಆದ್ದರಿಂದ ಆ ಕಥೆ ನಮಗೆ ಬಹಳ ಹತ್ತಿರದ್ದು.

ಸೇತುವೆಯ ಎರಡು ಕಡೆ

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರ ಮಿಶಿಗನ್ ಸರೋವರದ ದಡದಲ್ಲಿದೆ. ನಗರದ ನಡುವೆ ಮೆನಾಮನೀ ನದಿಯ ಕಣಿವೆ. ಕಣಿವೆಯ ಮೇಲೆ, ಹದಿನಾರನೇ ಬೀದಿಯಲ್ಲಿ, ಉದ್ದನೆಯ ಸೇತುವೆ. 1960ರ ದಶಕದಲ್ಲಿ ಸೇತುವೆಯ ಉತ್ತರಕ್ಕೆ ಕಪ್ಪು ಜನರು, ದಕ್ಷಿಣಕ್ಕೆ ಬಿಳಿಯರು. ದಕ್ಷಿಣದ ಬಿಳಿಯರಲ್ಲಿ ಬಹಳಷ್ಟು ಮಂದಿ ಪೋಲೆಂಡಿನಿಂದ ಬಂದ ಕಥೋಲಿಕ ಮನೆತನದವರು. ಆಫ್ರಿಕವನ್ನೂ ಪೋಲೆಂಡನ್ನೂ ಕೂಡಿಸುವ ಇದು ಜಗತ್ತಿನಲ್ಲೇ ಅತಿ ಉದ್ದದ ಸೇತುವೆ ಎಂದು ಊರಿನವರು ನಗೆಯಾಡುತ್ತಿದ್ದರಂತೆ. ನಗುವಿನ ಹಿಂದೆ ದೊಡ್ಡ ನೋವಿತ್ತು.

ದಕ್ಷಿಣದ ಆ ಕಥೋಲಿಕರನ್ನು ನಾವು ಹಗುರವಾಗಿ ಕಾಣಬಾರದು. ಅವರು ಬಡವರಾಗಿ ಬಂದು ಕಾರ್ಖಾನೆಗಳಲ್ಲಿ ದುಡಿದು, ಪೈಸೆ ಪೈಸೆ ಕೂಡಿಸಿ ಸಣ್ಣ ಸಣ್ಣ ಮನೆ ಮಾಡಿಕೊಂಡವರು. ಇದ್ದ ಮರದ ಮನೆಯನ್ನೇ ಮೇಲಕ್ಕೆತ್ತಿ ನಿಲ್ಲಿಸಿ, ಅದರ ಕೆಳಗೆ ಅರ್ಧ ನೆಲದೊಳಗಿರುವಂತೆ ಇನ್ನೊಂದು ಮನೆ ಕಟ್ಟಿಸಿ, ಅದನ್ನು ನೆಂಟರಿಗೋ ಬಾಡಿಗೆಗೋ ಕೊಡುವುದು ಅವರಲ್ಲಿ ರೂಢಿಯಾಗಿತ್ತು. ಆ ಕೂಲಿಕಾರರೇ ಸಂತ ಜೋಸಫಾತರ ಹೆಸರಿನ ಭವ್ಯ ದೇವಾಲಯವನ್ನು 1901ರಲ್ಲಿ ಕಟ್ಟಿ ಮುಗಿಸಿದರು. ಶಿಕಾಗೋ ನಗರದಲ್ಲಿ ಕೆಡವಿದ ಸರಕಾರಿ ಕಟ್ಟಡವೊಂದರ ಕಲ್ಲು ಕಂಬಗಳನ್ನು ಅದಕ್ಕಾಗಿ ರೈಲಿನಲ್ಲಿ ತರಿಸಿದ್ದರು. ಮನೆ ಮತ್ತು ದೇವಾಲಯ, ಇವೆರಡು ಅವರ ಪ್ರಾಣ.

ಉತ್ತರದಲ್ಲಿದ್ದ ಕಪ್ಪು ಜನರ ಪಾಡು ಬೇರೆ. ಹೆದ್ದಾರಿಗಾಗಿ, ನಗರಾಭಿವೃದ್ಧಿಗಾಗಿ ಅವರ ಕೇರಿಯ ಮನೆಗಳನ್ನು ಕೆಡವಲಾಯಿತು. ಆದರೆ ಬೇರೆ ಕಡೆ ಹೋಗೋಣವೆಂದರೆ ಅವರಿಗೆ ಮನೆ ಕೊಡುವವರಿಲ್ಲ. ಕೈಯಲ್ಲಿ ಬಾಡಿಗೆಯ ಹಣವಿದ್ದರೂ 'ಸ್ಥಳವಿಲ್ಲ'. ಆ ಕಾಲದ ಅಮೆರಿಕದ ಅನೇಕ ಬಡಾವಣೆಗಳ ಕರಾರು ಪತ್ರಗಳಲ್ಲೇ, ಬಿಳಿಯರಲ್ಲದವರಿಗೆ ಈ ಮನೆಯನ್ನು ಮಾರಬಾರದು, ಕೊಡಬಾರದು ಎಂದು ಬರೆದಿರುತ್ತಿತ್ತು. ಅಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿ ಮಾಡಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲೇ ತೀರ್ಪು ಕೊಟ್ಟಿತ್ತು. ಆದರೆ ಕಾಗದದ ಮೇಲಿನ ಕರಾರು ಹೋದರೂ ಮನಸ್ಸಿನ ಕರಾರು ಹೋಗಲಿಲ್ಲ.

ಮಿಲ್ವಾಕೀ ನಗರಸಭೆಗೆ 1956ರಲ್ಲಿ ಆರಿಸಿಬಂದ ವೆಲ್ ಫಿಲಿಪ್ಸ್ ಎಂಬ ವಕೀಲೆ ಆ ಸಭೆಯ ಮೊದಲ ಮಹಿಳೆ, ಮೊದಲ ಕಪ್ಪು ಸದಸ್ಯೆ. ಮನೆ ಕೊಡುವಾಗ ಬಣ್ಣ ನೋಡಬಾರದೆಂಬ ನಗರ ಕಾನೂನಿನ ಕರಡನ್ನು 1962ರಲ್ಲಿ ಆಕೆ ಸಭೆಯ ಮುಂದಿಟ್ಟರು. ವಿರುದ್ಧ 18 ಮತ, ಪರವಾಗಿ ಒಂದೇ ಮತ, ಅದು ಆಕೆಯದೇ. 1967ರೊಳಗೆ ನಾಲ್ಕು ಸಲ ತಂದರು, ನಾಲ್ಕು ಸಲವೂ ಹಾಗೆಯೇ ಸೋತರು. ಭಾನುವಾರ ದೇವಾಲಯದಲ್ಲಿ ಮೊಣಕಾಲೂರುವ ಜನರಿಂದ ತುಂಬಿದ್ದ ಊರು ಅದು. ಆದರೂ ಆಕೆಯ ಜೊತೆ ಕೈಯೆತ್ತಲು ಸಭೆಯಲ್ಲಿ ಇನ್ನೊಬ್ಬರು ಇರಲಿಲ್ಲ.

ಇನ್ನೂರು ರಾತ್ರಿಗಳು

ಅದೇ ನಗರದ ದಕ್ಷಿಣ ಭಾಗದಲ್ಲಿ, ಇಟಲಿಯಿಂದ ಬಂದ ಕಿರಾಣಿ ಅಂಗಡಿಯವರ ಮನೆಯಲ್ಲಿ, 1930ರಲ್ಲಿ ಜೇಮ್ಸ್ ಗ್ರೋಪ್ಪಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. 1959ರಲ್ಲಿ ಗುರುಪಟ್ಟ ಪಡೆದರು. 1963ರಲ್ಲಿ ಅವರನ್ನು ಉತ್ತರ ಭಾಗದ ಸಂತ ಬೋನಿಫಾಸರ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿನ ವಿಶ್ವಾಸಿಗಳಲ್ಲಿ ಹೆಚ್ಚಿನವರು ಕಪ್ಪು ಜನರು. ಅವರ ಮನೆಗಳಿಗೆ ಹೋಗಿ ಬರುತ್ತಾ, ಅವರು ಹೇಗೆ ಇಕ್ಕಟ್ಟಿನಲ್ಲಿ ಬದುಕುತ್ತಿದ್ದಾರೆಂಬುದನ್ನು ಫಾದರ್ ಗ್ರೋಪ್ಪಿ ಕಣ್ಣಾರೆ ಕಂಡರು. ಕಪ್ಪು ಯುವಜನರ ಹಕ್ಕಿನ ಸಂಘಕ್ಕೆ ಸಲಹೆಗಾರರಾದರು.

1967ರ ಆಗಸ್ಟ್ 28ರ ಸಂಜೆ, ಸುಮಾರು 200 ಮಂದಿ ಯುವಜನರು ಫಾದರ್ ಗ್ರೋಪ್ಪಿಯವರ ಜೊತೆ ಆ ಉದ್ದನೆಯ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿದರು. ಅವರು ಹೊರಟದ್ದು ದಕ್ಷಿಣದ ಕೊಶ್ಚುಶ್ಕೊ ಉದ್ಯಾನಕ್ಕೆ. ಆ ಕೂಲಿಕಾರರು ಕಟ್ಟಿದ ಸಂತ ಜೋಸಫಾತರ ದೇವಾಲಯ ಇರುವುದು ಅದರ ಸಮೀಪದಲ್ಲೇ. ಅವರಿಗಾಗಿ ಸಾವಿರಾರು ಬಿಳಿಯರು ಕಾದು ನಿಂತಿದ್ದರು. ಬೈಗುಳ, ಕಲ್ಲು, ಬಾಟಲಿಗಳು ಸುರಿದವು. ಮರುದಿನ ಮತ್ತೆ ಹೋದರು. ಅಂದು ಎದುರು ನಿಂತ ಗುಂಪು 13,000 ಎಂದು ಅಂದಾಜು. ಯುವಜನರು ಸಭೆ ಸೇರುತ್ತಿದ್ದ ಮನೆ ಅದೇ ರಾತ್ರಿ ಬೆಂಕಿಗೆ ಆಹುತಿಯಾಯಿತು.

ಪ್ರಿಯರೇ, ಆ ಉದ್ಯಾನಕ್ಕೆ ಹೆಸರು ಕೊಟ್ಟ ತಾದೇಉಶ್ ಕೊಶ್ಚುಶ್ಕೊ ಪೋಲೆಂಡಿನ ವೀರ ಸೇನಾನಿ. ಅಮೆರಿಕದ ಸ್ವಾತಂತ್ರ್ಯಕ್ಕಾಗಿಯೂ ಹೋರಾಡಿದವರು. ಅಮೆರಿಕದಲ್ಲಿದ್ದ ತಮ್ಮ ಹಣವನ್ನು ಕಪ್ಪು ಗುಲಾಮರನ್ನು ಬಿಡಿಸಿ ಓದಿಸಲು ಬಳಸಬೇಕೆಂದು 1798ರಲ್ಲಿ ಉಯಿಲು ಬರೆದಿಟ್ಟವರು. ಆ ಉಯಿಲು ಕೊನೆಗೂ ನಡೆಯಲಿಲ್ಲ. ಅವರ ಪ್ರತಿಮೆ ಇರುವ ಉದ್ಯಾನದಲ್ಲೇ, ಅವರ ದೇಶದ ಮಕ್ಕಳೇ, ಆ ಗುಲಾಮರ ಮರಿಮಕ್ಕಳ ಮೇಲೆ ಕಲ್ಲೆತ್ತಿದರು. ಪೂರ್ವಜರ ಹೆಸರನ್ನು ಹೇಳಿಕೊಳ್ಳುವುದು ಸುಲಭ, ಅವರ ಮನಸ್ಸನ್ನು ಉಳಿಸಿಕೊಳ್ಳುವುದು ಕಷ್ಟ. ಸಂತರ ಹೆಸರಿಟ್ಟುಕೊಂಡ ನಮಗೂ ಈ ಮಾತು ಅನ್ವಯಿಸುತ್ತದೆ.

ಮೆರವಣಿಗೆ ನಿಲ್ಲಲಿಲ್ಲ. ಮಂಜು ಬೀಳುವ ಚಳಿಗಾಲದಲ್ಲೂ ದಿನ ತಪ್ಪದೆ 200 ದಿನ ನಡೆಯಿತು. ಗುರುಗಳು, ಧರ್ಮಭಗಿನಿಯರು, ಬಿಳಿಯ ವಿಶ್ವಾಸಿಗಳೂ ಬಂದು ಸೇರಿಕೊಂಡರು. ಈ ಗುರುವಿನ ಬಾಯಿ ಮುಚ್ಚಿಸಿ ಎಂದು ಅನೇಕ ಕಥೋಲಿಕರು ಮಹಾಧರ್ಮಾಧ್ಯಕ್ಷ ವಿಲಿಯಂ ಕಸಿನ್ಸ್ ಅವರನ್ನು ಒತ್ತಾಯಿಸಿದರು. ಅವರು ಬಾಯಿ ಮುಚ್ಚಿಸಲಿಲ್ಲ.

ಕಾನೂನು ಏನು ಹೇಳಿತು?

1968ರ ಏಪ್ರಿಲ್ 4ರಂದು ಡಾ. ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದರು. ಅದಕ್ಕೆ ಎರಡು ವರ್ಷ ಮೊದಲು, ಶಿಕಾಗೋ ನಗರದಲ್ಲಿ ಇದೇ ಮನೆಯ ಹಕ್ಕಿಗಾಗಿ ನಡೆಯುವಾಗ ಅವರ ತಲೆಗೂ ಕಲ್ಲು ಬಿದ್ದಿತ್ತು. ಅವರು ಸತ್ತ ಒಂದು ವಾರಕ್ಕೆ, ಏಪ್ರಿಲ್ 11ರಂದು, ರಾಷ್ಟ್ರಾಧ್ಯಕ್ಷ ಲಿಂಡನ್ ಜಾನ್ಸನ್ ಇಡೀ ದೇಶಕ್ಕೆ ಅನ್ವಯಿಸುವ ನ್ಯಾಯಯುತ ವಸತಿ ಕಾನೂನಿಗೆ ಸಹಿ ಹಾಕಿದರು. ಅದೇ ತಿಂಗಳ 30ರಂದು ಮಿಲ್ವಾಕೀ ನಗರಸಭೆ ಅದಕ್ಕಿಂತಲೂ ಬಿಗಿಯಾದ ನಗರ ಕಾನೂನನ್ನು ಒಪ್ಪಿಕೊಂಡಿತು. ನಾಲ್ಕು ಸಲ ಒಂದೇ ಮತ ಪಡೆದಿದ್ದ ವೆಲ್ ಫಿಲಿಪ್ಸ್ ಅವರ ಹಟ ಗೆದ್ದಿತು.

ಆ ರಾಷ್ಟ್ರೀಯ ಕಾನೂನು ಹೇಳುವುದು ಇಷ್ಟು: ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ನಿರಾಕರಿಸಬಾರದು. 1974ರಲ್ಲಿ ಗಂಡು ಹೆಣ್ಣೆಂಬ ಭೇದವನ್ನೂ, 1988ರಲ್ಲಿ ಅಂಗವೈಕಲ್ಯವನ್ನೂ ಮನೆಯಲ್ಲಿ ಮಕ್ಕಳಿದ್ದಾರೆಂಬ ಕಾರಣವನ್ನೂ ಈ ಪಟ್ಟಿಗೆ ಸೇರಿಸಿದರು. ಮಕ್ಕಳಿರುವವರಿಗೆ ಮನೆಯಿಲ್ಲ ಎನ್ನುವ ಮಾಲೀಕರು ಅಲ್ಲೂ ಇದ್ದರು ಎಂದಾಯಿತು! ಮೊದಲ ಇಪ್ಪತ್ತು ವರ್ಷ ಈ ಕಾನೂನಿಗೆ ಹಲ್ಲಿರಲಿಲ್ಲ. ದೂರು ಕೊಟ್ಟರೆ ಸರಕಾರದ ಇಲಾಖೆ ಇಬ್ಬರನ್ನೂ ಕರೆದು ರಾಜಿ ಮಾಡಿಸಲು ನೋಡಬಹುದಿತ್ತು, ಅಷ್ಟೇ. 1988ರ ತಿದ್ದುಪಡಿಯ ನಂತರವೇ ವಿಚಾರಣೆ ನಡೆಸಿ ದಂಡ ಹಾಕುವ ಅಧಿಕಾರ ಬಂತು.

ಈ ಕಾನೂನು ಮಾಲೀಕನ ಕೈ ಕಟ್ಟಿಹಾಕುತ್ತದೆಯೇ? ಇಲ್ಲ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಹಿಂದಿನ ಮನೆಯನ್ನು ಹಾಳು ಮಾಡಿದ್ದಾನೆಯೇ ಎಂದು ಅವನು ವಿಚಾರಿಸಬಹುದು, ಅದರ ಮೇಲೆ ಬೇಡವೆನ್ನಬಹುದು. ಒಬ್ಬ ಮನುಷ್ಯ ಏನು ಮಾಡಿದ್ದಾನೆ ಎಂಬುದನ್ನು ನೋಡಲಿ. ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದ, ಯಾವ ದೇವರಿಗೆ ಕೈ ಮುಗಿಯುತ್ತಾನೆ ಎಂಬುದನ್ನು ತಕ್ಕಡಿಗೆ ಹಾಕಬಾರದು. ಕಾನೂನಿನ ತಿರುಳು ಇದು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅದರಲ್ಲಿರುವ ಇನ್ನೊಂದು ವಿಧಿ. ಮನೆ ಖಾಲಿ ಇರುವಾಗ, ಈ ಕಾರಣಗಳಿಗಾಗಿ, ಇಲ್ಲವೆಂದು ಹೇಳುವುದೇ ಅಲ್ಲಿ ಅಪರಾಧ. ಮನೆ ಕೊಡದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಎರಡಕ್ಕೂ ಬೇರೆ ಬೇರೆ ವಿಧಿಗಳಿವೆ. ಆದರೆ ಸುಳ್ಳನ್ನು ಹಿಡಿಯುವುದು ಹೇಗೆ? ಅಲ್ಲಿನ ಸ್ವಯಂಸೇವಾ ಸಂಘಗಳು ಒಂದು ದಾರಿ ಕಂಡುಕೊಂಡವು. ಒಬ್ಬ ಕಪ್ಪು ವ್ಯಕ್ತಿಯನ್ನು ಮನೆ ಕೇಳಲು ಕಳುಹಿಸುವುದು, ಸ್ವಲ್ಪ ಹೊತ್ತಿನಲ್ಲೇ ಒಬ್ಬ ಬಿಳಿಯ ವ್ಯಕ್ತಿಯನ್ನೂ ಕಳುಹಿಸುವುದು. ವರ್ಜೀನಿಯ ರಾಜ್ಯದಲ್ಲಿ ಹೀಗೆ ಪರೀಕ್ಷಿಸಿದಾಗ ಕಪ್ಪು ಮಹಿಳೆಗೆ ಮನೆಯಿಲ್ಲ ಎಂಬ ಉತ್ತರ, ಬಿಳಿಯನಿಗೆ ಇದೆ ಎಂಬ ಉತ್ತರ ಸಿಕ್ಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಕೆಗೆ ನಿಜವಾಗಿ ಮನೆ ಬೇಕಿರಲಿಲ್ಲ, ಪರೀಕ್ಷೆಗೆ ಹೋದವಳು, ಆಕೆಗೇನು ನಷ್ಟ ಎಂಬುದು ವಾದ. 1982ರಲ್ಲಿ ನ್ಯಾಯಾಲಯ ಹೇಳಿದ್ದರ ಸಾರ ಇದು: ಮನೆ ಇದೆಯೋ ಇಲ್ಲವೋ ಎಂಬ ಸತ್ಯವನ್ನು ತಿಳಿಯುವ ಹಕ್ಕನ್ನೇ ಕಾನೂನು ಆಕೆಗೆ ಕೊಟ್ಟಿದೆ, ಸುಳ್ಳು ಹೇಳಿಸಿಕೊಂಡದ್ದೇ ಆಕೆಗಾದ ನಷ್ಟ, ಆದ್ದರಿಂದ ಆಕೆ ದಾವೆ ಹೂಡಬಹುದು.

ನೆರೆಯವನ ವಿಷಯದಲ್ಲಿ ಸುಳ್ಳಾಡಬಾರದೆಂಬುದು ನಮ್ಮ ಎಂಟನೇ ಕಟ್ಟಳೆ. ನಮ್ಮಲ್ಲಿ ಎಷ್ಟು ಮಂದಿ, ಮನೆ ಖಾಲಿ ಇಟ್ಟುಕೊಂಡು ಇಲ್ಲವೆಂದದ್ದನ್ನು ಪಾಪನಿವೇದನೆಯಲ್ಲಿ ನೆನಪಿಸಿಕೊಳ್ಳುತ್ತೇವೆ? ಯಾರಿಗೂ ನೋವಾಗದಿರಲೆಂದು ಆಡಿದ ಸಣ್ಣ ಸುಳ್ಳು ಎಂದುಕೊಳ್ಳುತ್ತೇವೆ. ಅದನ್ನು ಕೇಳಿ ಗೇಟು ದಾಟಿ ಹೋಗುವವನಿಗೆ ಮಾತ್ರ ಅದು ಸಣ್ಣದಲ್ಲ. ಹೆಂಡತಿ ಮಕ್ಕಳ ಮುಂದೆ ತಲೆ ತಗ್ಗಿಸಿ ನಡೆಯುವವನು ಅವನು.

ನನ್ನ ಮನೆ, ನನ್ನಿಷ್ಟ

"ಫಾದರ್, ಮನೆ ನಾವು ಸಾಲ ಮಾಡಿ ಕಟ್ಟಿದ್ದು. ಯಾರಿಗೆ ಕೊಡಬೇಕು ಅನ್ನೋದು ನಮ್ಮಿಷ್ಟ ಅಲ್ವೇ?" ಇದು ನ್ಯಾಯವಾದ ಪ್ರಶ್ನೆ. ಸ್ವಂತ ಆಸ್ತಿಯ ಹಕ್ಕನ್ನು ಧರ್ಮಸಭೆ ಯಾವತ್ತೂ ತಳ್ಳಿಹಾಕಿಲ್ಲ. ಆದರೆ ಸಂತ ತೋಮಸ್ ಅಕ್ವಿನಾಸರು ಇಲ್ಲೊಂದು ಸೂಕ್ಷ್ಮವನ್ನು ಕಲಿಸುತ್ತಾರೆ. ವಸ್ತುವನ್ನು ಗಳಿಸಿ, ನೋಡಿಕೊಂಡು, ನಿರ್ವಹಿಸುವುದು ಒಬ್ಬೊಬ್ಬನಿಗೆ ಸೇರಿದ್ದಾಗಿರಬಹುದು. ಅದನ್ನು ಬಳಸುವಾಗ ಮಾತ್ರ, ಇದು ನನ್ನೊಬ್ಬನದೇ ಎಂಬಂತೆ ಹಿಡಿದುಕೊಳ್ಳದೆ, ಅಗತ್ಯವಿರುವವರ ಜೊತೆ ಹಂಚಿಕೊಳ್ಳಲು ಸಿದ್ಧನಿರಬೇಕು. ಜಗದ್ಗುರು ಎರಡನೇ ಜಾನ್ ಪೌಲರು 1987ರ ತಮ್ಮ ವಿಶ್ವಪತ್ರದಲ್ಲಿ ಇದನ್ನೇ, ಎಲ್ಲ ಖಾಸಗಿ ಆಸ್ತಿಯ ಮೇಲೂ ಸಮಾಜದ ಅಡಮಾನವಿದೆ ಎಂಬ ಅರ್ಥದಲ್ಲಿ ವಿವರಿಸಿದರು. ಅಡಮಾನವೆಂದರೇನು ಎಂಬುದು ಮನೆ ಕಟ್ಟಿದವರಿಗೆಲ್ಲ ಗೊತ್ತು. ಪತ್ರದಲ್ಲಿ ಹೆಸರು ನಮ್ಮದೇ, ಆದರೆ ಸಾಲ ಕೊಟ್ಟವರ ಹಕ್ಕೂ ಅದರ ಮೇಲಿರುತ್ತದೆ. ನಮ್ಮ ಮನೆಯ ಮೇಲೆ ದೇವರ ಹಕ್ಕೂ ನೆರೆಯವನ ಹಕ್ಕೂ ಹೀಗೆಯೇ ಇದೆ.

ಅಲ್ಲದೆ, ಬಾಡಿಗೆಗೆ ಬೋರ್ಡು ಹಾಕಿದ ಮೇಲೆ ನಾವು ಆ ಮನೆಯನ್ನು ಹತ್ತು ಜನರೆದುರು ಇಟ್ಟಂತಾಯಿತು. ಅಷ್ಟಾದ ಮೇಲೆ ಬಂದವರನ್ನು ಹುಟ್ಟು ನೋಡಿ ವಿಂಗಡಿಸುವುದನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೇ ಅಧ್ಯಾಯದಲ್ಲಿ ನೇರವಾಗಿ ಖಂಡಿಸುತ್ತಾರೆ. ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿ ನೆಲ ಎನ್ನುವವರು ಪಕ್ಷಪಾತದ ಪಾಪ ಮಾಡುತ್ತಾರೆ ಎಂಬುದು ಅವರ ಬೋಧನೆ. ಎರಡನೇ ವ್ಯಾಟಿಕನ್ ಮಹಾಸಭೆಯೂ ಮನುಷ್ಯನ ಮೂಲಭೂತ ಹಕ್ಕುಗಳ ವಿಷಯದಲ್ಲಿ ಜನಾಂಗ, ಬಣ್ಣ, ಸಾಮಾಜಿಕ ಸ್ಥಿತಿ, ಭಾಷೆ, ಧರ್ಮಗಳ ಭೇದವೆಲ್ಲ ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿದೆ.

"ಕಾನೂನು ಮಾಡಿದರೆ ಮನಸ್ಸು ಬದಲಾಗುತ್ತದೆಯೇ?" ಎಂಬುದು ಎರಡನೇ ಪ್ರಶ್ನೆ. ಕಾನೂನಿನಿಂದ ಮನಸ್ಸು ಬದಲಾಗದು, ಅದು ಪವಿತ್ರಾತ್ಮರ ಕೆಲಸ. ಆದರೆ ಮನಸ್ಸು ಬದಲಾಗುವವರೆಗೆ ಆ ಕುಟುಂಬ ಎಲ್ಲಿ ಮಲಗಬೇಕು? ಮಿಲ್ವಾಕೀ ಕಲಿಸುವ ಪಾಠ ಇದೇ. ಅಲ್ಲಿನ ಕಥೋಲಿಕರಿಗೆ ಜ್ಞಾನೋಪದೇಶ ಇತ್ತು, ಬಲಿಪೂಜೆ ಇತ್ತು, ಜಪಸರ ಇತ್ತು. ಅಮೆರಿಕದ ಧರ್ಮಾಧ್ಯಕ್ಷರು 1958ರಲ್ಲೇ ಜನಾಂಗಭೇದವನ್ನು ಖಂಡಿಸಿ ಪತ್ರ ಹೊರಡಿಸಿದ್ದರು. ಇಷ್ಟೆಲ್ಲ ಇದ್ದೂ ನೆರೆಯವನಿಗೆ ಬಾಗಿಲು ತೆರೆಯಲಿಲ್ಲ. ಅವರೆಲ್ಲ ದುಷ್ಟರೇನಲ್ಲ. ಮನೆಯ ಬೆಲೆ ಇಳಿದೀತೆಂಬ ಭಯ, ಪಕ್ಕದ ಮನೆಯವರು ಏನೆಂದಾರೋ ಎಂಬ ಅಂಜಿಕೆ ಅವರನ್ನು ಕಟ್ಟಿಹಾಕಿತ್ತು. ನಾವು ಕೊಟ್ಟರೆ ಬೀದಿಯವರೆಲ್ಲ ಬೈತಾರೆ ಎನ್ನುವವನಿಗೆ ಕಾನೂನು ಒಂದು ಆಸರೆ. ನಾನೇನು ಮಾಡಲಿ, ಕಾನೂನು ಹಾಗಿದೆ ಎಂದು ಅವನು ಧೈರ್ಯವಾಗಿ ಹೇಳಬಹುದು. ಒಳ್ಳೆಯ ಕಾನೂನು ಹೆದರಿದ ಒಳ್ಳೆಯವನಿಗೂ ಬೆನ್ನೆಲುಬಾಗುತ್ತದೆ.

ನಮ್ಮ ದೇಶದಲ್ಲಿ

ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ಸರಕಾರ ಭೇದ ಮಾಡಬಾರದೆನ್ನುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಹೋಗದಂತೆ ಯಾರೂ ಯಾರನ್ನೂ ತಡೆಯಬಾರದೆಂದೂ ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದನ್ನು, ಕೊಳ್ಳುವುದನ್ನು, ವಾಸಿಸುವುದನ್ನು ತಡೆದರೆ, 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಅದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಎಚ್‌ಐವಿ ಸೋಂಕಿತರಿಗೆ ಆ ಕಾರಣಕ್ಕಾಗಿ ಬಾಡಿಗೆ ಮನೆ ನಿರಾಕರಿಸಬಾರದೆಂದು 2017ರ ಕಾಯಿದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ನಿರಾಕರಿಸಬಾರದೆಂದು 2019ರ ಕಾಯಿದೆ ಸ್ಪಷ್ಟವಾಗಿ ಹೇಳುತ್ತವೆ. ಇವು ಇವೆ ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಆದರೆ ಧರ್ಮ ಅಥವಾ ಆಹಾರದ ಕಾರಣಕ್ಕೆ ಖಾಸಗಿ ಮಾಲೀಕನು ಮನೆ ನಿರಾಕರಿಸುವುದನ್ನು ತಡೆಯುವ, ಎಲ್ಲರಿಗೂ ಅನ್ವಯಿಸುವ, ಅಮೆರಿಕದಂಥ ಒಂದು ಸಮಗ್ರ ಕಾನೂನು ನಮ್ಮಲ್ಲಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯಿದೆ ಮುಖ್ಯವಾಗಿ ನೋಡುವುದು ಬಾಡಿಗೆ, ದುರಸ್ತಿ, ತೆರವುಗಳ ವಿಷಯವನ್ನು. ಒಳಗೆ ಕಾಲಿಟ್ಟವನಿಗೆ ರಕ್ಷಣೆಯಿದೆ, ಹೊಸ್ತಿಲಲ್ಲಿ ತಡೆದು ಕಳುಹಿಸಿದವನು ಅದರ ಲೆಕ್ಕಕ್ಕೆ ಬರುವುದಿಲ್ಲ. 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ವಸತಿ ಸಹಕಾರ ಸಂಘವೊಂದರ ನಿಯಮವನ್ನು ಎತ್ತಿಹಿಡಿಯಿತು. ಮುಸ್ಲಿಮರಿಗೆ ಮನೆ ಸಿಗುವುದು ಎಷ್ಟು ಕಷ್ಟವಾಗಿದೆ ಎಂಬ ಅಳಲನ್ನು ಸಾಚಾರ್ ಸಮಿತಿ 2006ರಲ್ಲಿ ದಾಖಲಿಸಿತು.

ಹೀಗಿರುವಾಗ ನಾವು ಕ್ರೈಸ್ತರು ನಮ್ಮವರಿಗೆ ಮನೆ ಸಿಗುತ್ತಿಲ್ಲ ಎಂದು ಮಾತ್ರ ದೂರಿದರೆ ಸಾಲದು. ನಮ್ಮ ಮನೆಗಳ ಬೋರ್ಡಿನ ಮೇಲೂ ಕೆಲವೊಮ್ಮೆ 'ಕ್ರೈಸ್ತರಿಗೆ ಮಾತ್ರ' ಎಂದಿರುತ್ತದೆ. ಬಂದವರು ಕ್ರೈಸ್ತರೇ ಆಗಿದ್ದರೂ ಯಾವ ಮೂಲದವರು, ಯಾವ ಕೇರಿಯವರು ಎಂದು ಗುಟ್ಟಾಗಿ ವಿಚಾರಿಸುವವರೂ ಇದ್ದಾರೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ, ಜಾತಿಭೇದ ಧರ್ಮಸಭೆಯೊಳಗೂ ಇದೆಯೆಂದು ಒಪ್ಪಿಕೊಂಡಿದ್ದಾರೆ. ಒಂದೇ ದೀಕ್ಷಾಸ್ನಾನ ಪಡೆದು, ಒಂದೇ ಪರಮಪ್ರಸಾದ ಸ್ವೀಕರಿಸಿ, ಮನೆಗೆ ಬಂದ ಮೇಲೆ ಅದೇ ಸಹೋದರನಿಗೆ ಸ್ಥಳವಿಲ್ಲ ಎನ್ನುವುದಾದರೆ ಆ ಪ್ರಸಾದ ನಮ್ಮೊಳಗೆ ಏನು ಕೆಲಸ ಮಾಡಿತು?

ಕಾನೂನು ನಿಲ್ಲುವಲ್ಲಿ

ಅಮೆರಿಕದ ಕಾನೂನಿನಲ್ಲೂ ಒಂದು ವಿನಾಯಿತಿ ಇದೆ. ಮಾಲೀಕನು ತಾನೂ ಅದೇ ಕಟ್ಟಡದಲ್ಲಿ ವಾಸವಾಗಿದ್ದು, ಅಲ್ಲಿ ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದಿದ್ದರೆ, ಆ ಕಾನೂನಿನ ಬಹಳಷ್ಟು ವಿಧಿಗಳು ಅವನನ್ನು ಮುಟ್ಟುವುದಿಲ್ಲ. ಆದರೂ ಭೇದ ತೋರುವ ಜಾಹೀರಾತು ಹಾಕುವಂತಿಲ್ಲ. ಜನಾಂಗದ ಕಾರಣಕ್ಕೆ ಹಾಗೆ ನಿರಾಕರಿಸುವುದಕ್ಕೆ 1866ರ ಇನ್ನೊಂದು ಕಾನೂನಿನ ತಡೆಯೂ ಇದೆ. ನಮ್ಮ ಓದುಗರಲ್ಲಿ ಮನೆ ಬಾಡಿಗೆಗೆ ಕೊಡುವವರು ಹೆಚ್ಚಾಗಿ ಇಂಥವರೇ. ಕೆಳಗೆ ತಾವು, ಮೇಲೆ ಬಾಡಿಗೆಯವರು. ಅಥವಾ ಹಿತ್ತಲಲ್ಲಿ ಎರಡು ಸಣ್ಣ ಮನೆ. ಕಾನೂನು ಅಲ್ಲಿಯವರೆಗೆ ಬಂದು ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ನಡೆಯಬೇಕಾದದ್ದು ನಮ್ಮ ಆತ್ಮಸಾಕ್ಷಿ.

ಆದ್ದರಿಂದ ಮನೆಯಿರುವ ಕುಟುಂಬಗಳಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬೋರ್ಡು ಹಾಕುವ ಮೊದಲು ಗಂಡ ಹೆಂಡತಿ, ಬೆಳೆದ ಮಕ್ಕಳು ಒಟ್ಟಿಗೆ ಕುಳಿತು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಮನೆಯ ನಿಯಮಗಳೇನು ಎಂದು ಬರೆದಿಟ್ಟುಕೊಳ್ಳಿ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಅದನ್ನೇ ಹೇಳಿ. ಕೆಲಸವೇನು, ಬಾಡಿಗೆ ಕಟ್ಟಬಲ್ಲಿರಾ, ಎಷ್ಟು ಜನ ಇರುತ್ತೀರಿ ಎಂದು ಕೇಳಿ, ತಪ್ಪಿಲ್ಲ. ಯಾವ ಜನ ಎಂದು ಕೇಳಬೇಡಿ. ಬ್ರೋಕರಿಗೂ ಇದನ್ನು ಸ್ಪಷ್ಟವಾಗಿ ಹೇಳಿ. ನಮ್ಮ ಪರವಾಗಿ ಅವನಾಡುವ ಸುಳ್ಳಿನಲ್ಲಿ ನಮಗೂ ಪಾಲಿದೆ. ಮನೆ ಖಾಲಿ ಇದ್ದರೆ ಇದೆ ಎನ್ನಿ. ಕೊಡಲಾಗದಿದ್ದರೆ ನಿಜವಾದ ಕಾರಣವನ್ನು ಮುಖ ನೋಡಿ ಹೇಳಿ. ಮುಖ ನೋಡಿ ಹೇಳಲು ನಾಚಿಕೆಯಾಗುವ ಕಾರಣವಾದರೆ, ಆ ನಾಚಿಕೆ ದೇವರು ತಟ್ಟುತ್ತಿರುವ ಬಾಗಿಲು.

ಬಾಡಿಗೆ ಮನೆಯಲ್ಲಿರುವ, ಮನೆ ಹುಡುಕುತ್ತಿರುವ ಕುಟುಂಬಗಳಿಗೂ ಒಂದು ಮಾತು. ನಿಮ್ಮನ್ನು ತಿರಸ್ಕರಿಸಿದವರ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸಬೇಡಿ. ನಾಳೆ ನಿಮಗೂ ದೇವರು ಒಂದು ಮನೆ ಕೊಟ್ಟಾನು. ಅಂದು ಗೇಟಿನ ಒಳಗಿನಿಂದ ಹೊರಗೆ ನೋಡುವಾಗ, ಇಂದು ಹೊರಗೆ ನಿಂತದ್ದು ನೆನಪಿರಲಿ. ಇಸ್ರಯೇಲರಿಗೆ ಪರದೇಶಿಯನ್ನು ಪ್ರೀತಿಸಿರೆಂದು ದೇವರು ಆಜ್ಞಾಪಿ���ಿದಾಗ ಕೊಟ್ಟ ಕಾರಣವೂ ಅದೇ: ಅವರೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು. ಮಿಲ್ವಾಕೀಯ ಪೋಲಿಷ್ ಕಥೋಲಿಕರು ಮರೆತದ್ದು ಇದನ್ನೇ.

ಫಾದರ್ ಗ್ರೋಪ್ಪಿಯವರ ಮುಂದಿನ ಬದುಕು ಸರಳ ದಾರಿಯಲ್ಲಿ ಸಾಗಲಿಲ್ಲ. 1976ರಲ್ಲಿ ಗುರುತ್ವವನ್ನು ತೊರೆದು ಮದುವೆಯಾದರು. ನಗರದ ಬಸ್ಸಿನ ಚಾಲಕರಾಗಿ ದುಡಿದು 1985ರಲ್ಲಿ ತೀರಿಕೊಂಡರು. ಆದರೆ ಆ ಇನ್ನೂರು ದಿನ ಅವರು ಕುರಿಗಳನ್ನು ಬಿಟ್ಟು ಓಡಲಿಲ್ಲ. 1988ರಲ್ಲಿ ನಗರ ಆ ಸೇತುವೆಗೆ ಅವರ ಹೆಸರನ್ನೇ ಇಟ್ಟಿತು. ಇಂದು ಅದು ಜೇಮ್ಸ್ ಗ್ರೋಪ್ಪಿ ಐಕ್ಯತಾ ಸೇತುವೆ.

ಮನೆಯಿಲ್ಲದವನನ್ನು ಬರಮಾಡಿಕೊಂಡವರು ತಮ್ಮನ್ನೇ ಬರಮಾಡಿಕೊಂಡರೆಂದು ಪ್ರಭು ಯೇಸು ಅಂತಿಮ ತೀರ್ಪಿನ ಸಾಮತಿಯಲ್ಲಿ ಹೇಳಿದ್ದಾರೆ. ಆ ದಿನ ಅವರು ನಮ್ಮನ್ನು ಕೇಳುವಾಗ, ನಾವು ಕಾನೂನು ಮೀರಲಿಲ್ಲ ಪ್ರಭುವೇ ಎಂದರೆ ಸಾಕಾಗುವುದಿಲ್ಲ.

ಪ್ರಭುವೇ, ತಲೆಯಿಡಲು ಸ್ಥಳವಿಲ್ಲದೆ ನಮ್ಮ ನಡುವೆ ಅಲೆದವರು ನೀವು. ನಮಗೆ ನೀವು ಕೊಟ್ಟ ಮನೆಗಾಗಿ ವಂದನೆ. ನಮ್ಮ ಗೇಟಿಗೆ ಬಂದವರ ಹೆಸರು ಕೇಳಿದಾಗ ನಮ್ಮ ಮುಖ ಬಾಡದಿರಲಿ, ನಮ್ಮ ನಾಲಗೆ ಸುಳ್ಳಾಡದಿರಲಿ. ನಮ್ಮನ್ನಾಳುವವರಿಗೆ ನ್ಯಾಯವಾದ ಕಾನೂನು ಮಾಡುವ ಬುದ್ಧಿಯನ್ನೂ, ಆ ಕಾನೂನು ಬರುವ ಮೊದಲೇ ಅದರಂತೆ ನಡೆಯುವ ಮನಸ್ಸನ್ನು ನಮಗೂ ಕೊಡಿರಿ. ಆಮೆನ್.